ಗೋಡೆಯ ಮೇಲಿನ ಬೋಳು ಜಾಗ

ಹಿತ್ತಿಲ ಮಾವಿನ ಮರದ ಒಂದು ಕೊಂಬೆ ಒಣಗಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಗೋಡೆಗೆ ಬೀಸಣಿಗೆಯಂತೆ ಹರಡಿ ಕಟ್ಟಿದ ಪೀಚ್ ಮರದಲ್ಲಿ ಹಾಗಲ್ಲ, ಕೊಂಬೆ ಹೋದ ಕಡೆ ಬರೀ ಗೋಡೆ ಕಾಣುತ್ತದೆ. ಆ ಬೋಳು ಜಾಗವನ್ನು ತುಂಬುವ ವಿದ್ಯೆ ಯಾರದು? ಹಣ್ಣಿನ ತೋಟಗಳ ಚರಿತ್ರೆಯನ್ನು ಓದುತ್ತಿರುವ ನನ್ನನ್ನು ಈ ಪ್ರಶ್ನೆ ವರ್ಷದಿಂದ ಕಾಡುತ್ತಿದೆ.

ಪುಸ್ತಕಗಳು ಮೊದಲು ಹೇಳುವ ಹೆಸರು ಲಾ ಕ್ಯಾಂತಿನಿಯದು. ವಕೀಲಿ ಓದಿ ತೋಟಕ್ಕೆ ಬಂದ ಈತ 1678ರಿಂದ 1683ರ ನಡುವೆ ವರ್ಸೈನ ಜೌಗು ನೆಲದಲ್ಲಿ 14ನೇ ಲೂಯಿಗೆ ಹಣ್ಣು ತರಕಾರಿಯ ತೋಟ ಕಟ್ಟಿದ. ಅವನ ಪುಸ್ತಕ ಹೊರಬಂದದ್ದು 1690ರಲ್ಲಿ, ಅವನು ಸತ್ತ ಎರಡು ವರ್ಷಕ್ಕೆ.

ಆದರೆ ಪ್ಯಾರಿಸ್‌ನ ಪೂರ್ವಕ್ಕಿರುವ ಮೊಂತ್ರೆಯ್‌ನ ರೈತರೂ ಅದೇ ಶತಮಾನದಲ್ಲಿ ಪೀಚ್ ಬೆಳೆಯುತ್ತಿದ್ದರು. ಕಲ್ಲಿನ ಗೋಡೆಗೆ ಜಿಪ್ಸಮ್ ಗಾರೆ ಬಳಿದರೆ ಹಗಲಿನ ಬಿಸಿಲು ರಾತ್ರಿಗೂ ಉಳಿಯುತ್ತದೆ. ಅದರ ಮೇಲೆ ಹಳೆ ಬಟ್ಟೆಯ ಪಟ್ಟಿಗಳಿಂದ ಕೊಂಬೆ ಸುತ್ತಿ, ಮೊಳೆ ಹೊಡೆದು ಕೂರಿಸುತ್ತಿದ್ದರು. ಪೀಚ್ ಹಟಮಾರಿ ಮರ. ಹಣ್ಣು ಬಿಡುವುದು ಹಿಂದಿನ ವರ್ಷದ ಚಿಗುರಿನ ಮೇಲೆ ಮಾತ್ರ. ಹಳೆಯ ಕೊಂಬೆಯಿಂದ ಮತ್ತೆ ಚಿಗುರುವುದು ಅಪರೂಪ. ಹಾಗಾಗಿ ಹಣ್ಣು ಕೊಟ್ಟ ಕಡ್ಡಿಯನ್ನು ಕತ್ತರಿಸಿ, ಅದರ ಬುಡದ ಹೊಸ ಚಿಗುರನ್ನು ಅದೇ ಜಾಗಕ್ಕೆ ಎಳೆದು ಕಟ್ಟಬೇಕು. ಆ ಚಿಗುರೂ ಇಲ್ಲದಿದ್ದರೆ? ಪಕ್ಕದ ಎಳೆಯ ಚಿಗುರನ್ನು ಬೋಳು ಕೊಂಬೆಯ ಮೇಲೆ ಬಾಗಿಸಿ, ಎರಡರ ಸಿಪ್ಪೆಯನ್ನೂ ಕೆತ್ತಿ ಸೇರಿಸಿ ಕಟ್ಟುತ್ತಾರೆ. ಬೆಸೆದ ಮೇಲೆ ಚಿಗುರನ್ನು ತಾಯಿಕೊಂಬೆಯಿಂದ ಬಿಡಿಸುತ್ತಾರೆ. ನಮ್ಮಲ್ಲಿ ಕುಂಡದ ಸಸಿಯನ್ನು ಮಾವಿನ ಕೊಂಬೆಗೆ ತಗುಲಿಸಿ ಕಟ್ಟುವ ಕಸಿಯ ರೀತಿಯೇ ಇದು. ಇಲ್ಲಿ ಮರ ತನಗೆ ತಾನೇ ಕಸಿಯಾಗುತ್ತದೆ, ಅಷ್ಟೆ.

ಸೇಬು, ಪೇರ್ ಮರಗಳಿಗೆ ಇಷ್ಟು ಕಷ್ಟ ಬೇಡ. ಮಲಗಿರುವ ಮೊಗ್ಗಿನ ಸ್ವಲ್ಪ ಮೇಲೆ ತೊಗಟೆಗೆ ಕಚ್ಚು ಹಾಕಿದರೆ ಅದು ಎದ್ದು ಕೊಂಬೆಯಾಗುತ್ತದೆ. ಮೇಲೇರುವ ರಸ ಕಚ್ಚಿನಲ್ಲಿ ತಡೆದು ಮೊಗ್ಗಿಗೆ ಸಿಗುತ್ತದೆ ಎಂದು ಹಳೆಯ ತೋಟಗಾರರು ವಿವರಿಸುತ್ತಿದ್ದರು. ಆದರೆ ತುದಿಯಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನು ಮೊಗ್ಗುಗಳನ್ನು ಅದುಮಿಡುತ್ತದೆ ಎಂದು ಥೀಮನ್ ಮತ್ತು ಸ್ಕೂಗ್ ತೋರಿಸಿದ್ದು 1933ರಲ್ಲಿ. ಕಚ್ಚು ತಡೆಯುವುದು ಮುಖ್ಯವಾಗಿ ಅದನ್ನು. ವಿವರಣೆ ತಲೆಕೆಳಗಾಗಿದ್ದರೂ ಚಾಕು ಸರಿಯಾದ ಜಾಗದಲ್ಲೇ ಇತ್ತು!

ಮೊಂತ್ರೆಯ್ ಪದ್ಧತಿಯನ್ನು ವಿವರವಾಗಿ ಬರೆದವನು 18ನೇ ಶತಮಾನದ ಪಾದ್ರಿ ರೋಜೆ ಶಾಬೋಲ್. ಅಲ್ಲಿಯವರೆಗೆ ಅದು ಮನೆತನಗಳ ಕೈಯಲ್ಲೇ ಇತ್ತು.

ನನ್ನ ಅಧ್ಯಾಯ ಲಾ ಕ್ಯಾಂತಿನಿಯಿಂದ ಶುರುವಾಗಿತ್ತು. ಈಗ ಮೊಂತ್ರೆಯ್ ಅನ್ನು ಮುಂದಕ್ಕೆ ತಂದಿದ್ದೇನೆ. "ಸರಿ, ಅಡಿಟಿಪ್ಪಣಿಯಲ್ಲಿ ಯಾರ ಹೆಸರು ಹಾಕ್ತೀರಿ?" ಎಂದು ಮಾರ್ಗದರ್ಶಕರು ಕೇಳಿದ್ದಾರೆ. ಆ ಸಾಲು ಇನ್ನೂ ಖಾಲಿ ಇದೆ.