ಒಂದನೇ ಸಾಕ್ಷಿ

ಕೋರ್ಟಿನ ಕಾಗದಪತ್ರಗಳಲ್ಲಿ ಏಟು ತಿಂದವಳಿಗೆ ಇರುವ ಹೆಸರು ‘ಪ್ರಾ.ಸಾ. 1’. ಅಂದರೆ ಪ್ರಾಸಿಕ್ಯೂಷನ್ನಿನ ಒಂದನೇ ಸಾಕ್ಷಿ. ಗಾಯ ಆಕೆಯದು, ಆಸ್ಪತ್ರೆಯ ಖರ್ಚು ಆಕೆಯದು, ನಿದ್ದೆಯಿಲ್ಲದ ರಾತ್ರಿಗಳೂ ಆಕೆಯವೇ. ಕೇಸು ಮಾತ್ರ ಆಕೆಯದಲ್ಲ, ಸರ್ಕಾರದ್ದು. ಮೂವತ್ತು ವರ್ಷ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿದ ನಾನು ರಾಜರ ಪಟ್ಟಿ, ಯುದ್ಧಗಳ ಇಸವಿ ಎಲ್ಲವನ್ನೂ ಹುಡುಗಿಯರಿಗೆ ಬಾಯಿಪಾಠ ಮಾಡಿಸಿದ್ದೇನೆ. ಈ ಒಂದನೇ ಸಾಕ್ಷಿಗೂ ಒಂದು ಚರಿತ್ರೆಯಿದೆ ಎಂದು ನಮ್ಮ ಯಾವ ಪಠ್ಯಪುಸ್ತಕವೂ ಹೇಳಲಿಲ್ಲ.

ಬ್ರಿಟಿಷರು 1860ರಲ್ಲಿ ದಂಡ ಸಂಹಿತೆ ತಂದರು, 1872ರಲ್ಲಿ ಸಾಕ್ಷ್ಯ ಅಧಿನಿಯಮ ತಂದರು. ಅಪರಾಧವೆಂದರೆ ವ್ಯಕ್ತಿಯ ಮೇಲಲ್ಲ, ರಾಜ್ಯದ ಮೇಲೆ ನಡೆದದ್ದು ಎಂಬುದು ಅವರ ಲೆಕ್ಕ. ಇದರಲ್ಲಿ ಒಳ್ಳೆಯದೂ ಇತ್ತೆನ್ನಿ. ದೊಡ್ಡ ಮನೆಯವರು ಬಡವಳನ್ನು ಹೆದರಿಸಿ ರಾಜಿ ಮಾಡಿಸಿದರೂ ಕೊಲೆ, ಅತ್ಯಾಚಾರದಂಥ ಕೇಸುಗಳು ಅಲ್ಲಿಗೇ ಮುಗಿಯುವಂತಿರಲಿಲ್ಲ. ವಾದಿಸುವ ವಕೀಲರ ಫೀಜನ್ನು ಸರ್ಕಾರವೇ ಕೊಡುತ್ತಿತ್ತು. ಆದರೆ ನೊಂದವಳು ತನ್ನದೇ ಕೇಸಿನಲ್ಲಿ ಹೊರಗಿನವಳಾದಳು. ಕರೆದಾಗ ಬಂದು ಹೇಳಿಕೆ ಕೊಡುವುದು, ಉಳಿದಂತೆ ಬಾಗಿಲಾಚೆ ನಿಲ್ಲುವುದು ಅವಳ ಪಾಲಿಗೆ ಬಂತು.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಬೀದಿಯಲ್ಲಿ ಒಬ್ಬ ಅಕ್ಕ ಇದ್ದರು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಮಕ್ಕಳನ್ನು ಸಾಕುತ್ತಿದ್ದರು. ನಮ್ಮೆಲ್ಲರ ರವಿಕೆ ಹೊಲಿಯುತ್ತಿದ್ದವರೂ ಅವರೇ. ಎರಡೆಕರೆ ಜಮೀನಿನ ಜಗಳಕ್ಕೆ ಮೈದುನ ಮಚ್ಚು ಬೀಸಿದ. ಬಲಗೈಯ ಎರಡು ಬೆರಳು ಮತ್ತೆ ಮಡಿಚಲಿಲ್ಲ. ಆಸ್ಪತ್ರೆಯ ಖರ್ಚಿಗೆ ಯಂತ್ರವನ್ನೇ ಮಾರಿದರು. ಆರು ವರ್ಷ ಕೇಸು ನಡೆಯಿತು. ತಾರೀಖಿನ ದಿನ ಬುತ್ತಿ ಕಟ್ಟಿಕೊಂಡು ಹೋಗಿ, ಕೋರ್ಟಿನ ಹೊಂಗೆ ಮರದ ಕೆಳಗೆ ಕೂತು, ಸಂಜೆ ಬರಿಗೈಲಿ ಬರುತ್ತಿದ್ದರು. ಕೊನೆಗೆ ಆರೋಪಿಯ ಬಿಡುಗಡೆಯಾಯಿತು. ಅದನ್ನು ಅವರಿಗೆ ಹೇಳಿದವರು ಪೊಲೀಸರೂ ಅಲ್ಲ, ವಕೀಲರೂ ಅಲ್ಲ. ಬೀದಿಯಲ್ಲಿ ಪಟಾಕಿ ಸಿಡಿದಾಗ ಅವರಿಗೇ ತಿಳಿಯಿತು.

“ಮೇಲಿನ ಕೋರ್ಟಿಗೆ ಹೋಗಬಹುದೇನಮ್ಮಾ?” ಎಂದು ನನ್ನನ್ನು ಕೇಳಿದರು. ನಾನು ಪರಿಚಯದ ವಕೀಲರೊಬ್ಬರನ್ನು ವಿಚಾರಿಸಿದೆ. ಬಿಡುಗಡೆಯ ವಿರುದ್ಧ ಮೇಲ್ಮನವಿ ಹಾಕುವುದು ಸರ್ಕಾರದ ಕೆಲಸ, ಪೊಲೀಸ್ ಕೇಸಿನಲ್ಲಿ ನೊಂದವರಿಗೆ ಆ ಹಕ್ಕು ಇಲ್ಲ ಎಂದರು. ಪರಿಹಾರ? ಅಪರಾಧ ಸಾಬೀತಾಗಿ ಶಿಕ್ಷೆಯಾದರೆ ತಾನೆ, ಎಂದರು. ಅಂದಿನ ಕಾನೂನು ಇದ್ದದ್ದೇ ಹಾಗೆ.

ಅದಕ್ಕೂ ಮೊದಲೇ ಮಹಾರಾಷ್ಟ್ರದಲ್ಲಿ ಒಂದು ಕಿಡಿ ಹೊತ್ತಿತ್ತು. 1972ರ ಮಾರ್ಚಿನಲ್ಲಿ ಆಗಿನ ಚಂದ್ರಾಪುರ ಜಿಲ್ಲೆಯ ಪೊಲೀಸ್ ಠಾಣೆಯೊಳಗೇ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತು. ಕೆಳಗಿನ ಕೋರ್ಟು ಪೊಲೀಸರನ್ನು ಬಿಟ್ಟಿತು, ಹೈಕೋರ್ಟು ಶಿಕ್ಷಿಸಿತು, 1978ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಹುಡುಗಿ ಕೂಗಿಕೊಳ್ಳಲಿಲ್ಲ, ಮೈಮೇಲೆ ಗಾಯದ ಗುರುತಿಲ್ಲ, ಆದ್ದರಿಂದ ಒಪ್ಪಿಗೆ ಇತ್ತು ಎಂಬ ತರ್ಕ. ಠಾಣೆಯೊಳಗೆ ಸಿಕ್ಕಿಬಿದ್ದ ಎಳೆಯ ಹುಡುಗಿ ಕೂಗಿ ಯಾರನ್ನು ಕರೆಯಬೇಕಿತ್ತು, ನೀವೇ ಹೇಳಿ. 1979ರ ಸೆಪ್ಟೆಂಬರಿನಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಗಮವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಸಲ್ಲಿಕೆಯೇ ಬೇರೆ, ಸಮ್ಮತಿಯೇ ಬೇರೆ ಎಂದು ಅದರಲ್ಲಿ ವಾದಿಸಿದರು. ಊರೂರುಗಳಲ್ಲಿ ಹೆಂಗಸರು ಬೀದಿಗಿಳಿದರು.

ಫಲ ಬಂದದ್ದು 1983ರಲ್ಲಿ. ಪೊಲೀಸರ ವಶದಲ್ಲಿ ನಡೆದ ಅತ್ಯಾಚಾರದಲ್ಲಿ ಸಂಬಂಧ ನಡೆದದ್ದು ಸಾಬೀತಾಗಿ, ಹೆಣ್ಣು ‘ನನ್ನ ಒಪ್ಪಿಗೆ ಇರಲಿಲ್ಲ’ ಎಂದರೆ ನ್ಯಾಯಾಲಯ ಅದನ್ನೇ ಮೊದಲು ನಂಬಬೇಕು ಎಂದಾಯಿತು. ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕು, ನೊಂದವಳ ಹೆಸರು ಅಚ್ಚಾಗಬಾರದು ಎಂದೂ ಆಯಿತು. ಆ ಹುಡುಗಿಯ ಹೆಸರಲ್ಲೇ ಪ್ರಕರಣ ದೇಶಕ್ಕೆಲ್ಲ ಗೊತ್ತು. ಆದರೂ ಅವಳಿಂದಲೇ ನಮಗೆ ದಕ್ಕಿದ ಈ ಮರೆಯನ್ನು ಅವಳಿಗೂ ಕೊಡೋಣವೆಂದು ನಾನಿಲ್ಲಿ ಹೆಸರು ಬರೆದಿಲ್ಲ. ‘ಇವಳ ನಡತೆ ಸರಿಯಿಲ್ಲ’ ಎಂದು ಆರೋಪಿಯ ಪರ ವಕೀಲರು ಸಾಧಿಸಲು ದಾರಿಯಾಗಿದ್ದ 1872ರ ಸಾಲು ಹೋಗಬೇಕಾದರೆ ಮಾತ್ರ 2002ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ನೂರಮೂವತ್ತು ವರ್ಷ!

ಹಣದ ಮಾತು ಇನ್ನೂ ತಡವಾಗಿ ಬಂತು. ಅಪರಾಧಿಯಿಂದ ನೊಂದವರಿಗೆ ಪರಿಹಾರ ಕೊಡಿಸುವ ಅಧಿಕಾರವನ್ನು ಧಾರಾಳವಾಗಿ ಬಳಸಿ ಎಂದು ಸುಪ್ರೀಂ ಕೋರ್ಟು 1988ರಲ್ಲಿ ಕೆಳಗಿನ ನ್ಯಾಯಾಲಯಗಳಿಗೆ ಹೇಳಿತು. ಆದರೆ ಅಪರಾಧಿಯೇ ಸಿಗದಿದ್ದರೆ? ಸಿಕ್ಕವನು ಕಾಸಿಲ್ಲದವನಾಗಿದ್ದರೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2008ರ ತಿದ್ದುಪಡಿಯಲ್ಲಿ. ಅದು 2009ರ ಡಿಸೆಂಬರ್ 31ರಂದು ಜಾರಿಗೆ ಬಂತು. ಆ ದಿನ ‘ನೊಂದವರು’ ಎಂದರೆ ಯಾರು ಎಂಬ ವಿವರಣೆ ಮೊದಲ ಸಲ ದಂಡ ಪ್ರಕ್ರಿಯಾ ಸಂಹಿತೆಯೊಳಗೆ ಬಂತು. ಪ್ರತಿ ರಾಜ್ಯವೂ ಪರಿಹಾರ ಯೋಜನೆ ಮಾಡಬೇಕು, ಆರೋಪಿ ಪತ್ತೆಯಾಗದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು ಎಂದಾಯಿತು. ನಮ್ಮ ರಾಜ್ಯದ ಯೋಜನೆ 2011ರದು. ನಮ್ಮ ಅಕ್ಕ ಕೇಳಿದ ಪ್ರಶ್ನೆಗೂ ಅದೇ ತಿದ್ದುಪಡಿಯಲ್ಲಿ ಉತ್ತರ ಸಿಕ್ಕಿತು: ಆರೋಪಿ ಬಿಡುಗಡೆಯಾದರೆ ನೊಂದವರೇ ಮೇಲ್ಮನವಿ ಹಾಕಬಹುದು.

ಈ ಹಕ್ಕನ್ನು ಗಟ್ಟಿ ಮಾಡಿದ್ದು ಕರ್ನಾಟಕದಿಂದಲೇ ಹೋದ ಒಂದು ಪ್ರಕರಣ. 2009ರಲ್ಲಿ ಹಲ್ಲೆಗೊಳಗಾದವರೊಬ್ಬರು ಬಿಡುಗಡೆಯ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದರು. ತೀರ್ಪು ಬರುವಷ್ಟರಲ್ಲಿ ಅವರೇ ಇರಲಿಲ್ಲ, ವಾರಸುದಾರರು ನಡೆಸಿದರು. ಮೇಲ್ಮನವಿ ಹಾಕಲು ನೊಂದವರು ಮೊದಲು ನ್ಯಾಯಾಲಯದ ಅಪ್ಪಣೆ ಬೇಡಬೇಕಿಲ್ಲ ಎಂದು 2018ರ ಅಕ್ಟೋಬರ್ 12ರಂದು ತೀರ್ಪಾಯಿತು.

ದೆಹಲಿಯ 2012ರ ಡಿಸೆಂಬರ್ ಘಟನೆಯ ಮೇಲೆ ನ್ಯಾಯಮೂರ್ತಿ ಜೆ.ಎಸ್. ವರ್ಮಾ, ಲೀಲಾ ಸೇಠ್, ಗೋಪಾಲ್ ಸುಬ್ರಮಣಿಯಂ ಅವರ ಸಮಿತಿ 29 ದಿನಗಳಲ್ಲಿ ವರದಿ ಕೊಟ್ಟಿತು. 2013ರ ಕಾನೂನು ಬಂತು. ಅತ್ಯಾಚಾರಕ್ಕೆ, ಆಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಕೊಡದಿದ್ದರೆ ಅದೇ ಅಪರಾಧ. 2015ರಿಂದ ‘ಸಖಿ’ ಕೇಂದ್ರಗಳು ಬಂದವು. ಚಿಕಿತ್ಸೆ, ಪೊಲೀಸ್ ನೆರವು, ವಕೀಲರು, ಆಪ್ತ ಸಮಾಲೋಚನೆ, ತಾತ್ಕಾಲಿಕ ಆಶ್ರಯ ಎಲ್ಲವೂ ಒಂದೇ ಸೂರಿನಡಿ ಸಿಗಬೇಕೆಂಬುದು ಅವುಗಳ ಉದ್ದೇಶ.

2024ರ ಜುಲೈ 1ರಿಂದ ಹಳೆಯ ಸಂಹಿತೆಗಳ ಜಾಗಕ್ಕೆ ಹೊಸವು ಬಂದಿವೆ. ಸೆಕ್ಷನ್ನುಗಳ ಅಂಕಿ ಬದಲಾಗಿದೆ, ಮೇಲೆ ಹೇಳಿದ ಹಕ್ಕುಗಳು ಉಳಿದಿವೆ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಎಂಬುದು ಈಗ ಕಾನೂನಿನ ಪುಸ್ತಕದಲ್ಲೇ ಇದೆ. ತನಿಖೆ ಎಲ್ಲಿಗೆ ಬಂತೆಂದು ಪೊಲೀಸರು 90 ದಿನಗಳೊಳಗೆ ನೊಂದವರಿಗೆ ಅಥವಾ ದೂರು ಕೊಟ್ಟವರಿಗೆ ತಿಳಿಸಬೇಕು. ಪಟಾಕಿಯ ಸದ್ದಿನಿಂದ ಸುದ್ದಿ ತಿಳಿಯುವ ಕಾಲ ಮುಗಿಯಬೇಕಾದರೆ ಈ ಸಾಲು ನಮಗೆ ಗೊತ್ತಿರಬೇಕು.

ಕಾನೂನು ಬಂದ ಮಾತ್ರಕ್ಕೆ ಎಲ್ಲ ಸರಿಯಾಯಿತೆಂದು ನಾನು ಹೇಳುತ್ತಿಲ್ಲ. ‘ಮರ್ಯಾದೆ ಹೋಗುತ್ತೆ, ಸುಮ್ಮನಿರಮ್ಮ’ ಎನ್ನುವವರು ಠಾಣೆಗಿಂತ ಮೊದಲು ಮನೆಯಲ್ಲೇ ಸಿಗುತ್ತಾರೆ. ಅದಕ್ಕೇ ಓದುಗ ಅಕ್ಕತಂಗಿಯರಲ್ಲಿ ಒಂದು ಮಾತು. ದೂರು ಕೊಟ್ಟರೆ ಎಫ್‌ಐಆರ್‌ನ ನಕಲನ್ನು ಕೇಳಿ ಪಡೆಯಿರಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಕಾನೂನು ನೆರವಿಗೆ 15100. ರೇಷನ್ ಕಾರ್ಡು, ಗ್ಯಾಸಿನ ಪುಸ್ತಕ ಇಡುವ ಡಬ್ಬಿಯಲ್ಲಿ ಈ ಮೂರು ನಂಬರುಗಳ ಚೀಟಿಯೂ ಇರಲಿ. ನಿಮಗೆ ಅದು ಎಂದೂ ಬೇಕಾಗದಿರಲಿ. ಪಕ್ಕದ ಮನೆಯ ಬಾಗಿಲು ರಾತ್ರಿ ಹೊತ್ತಿನಲ್ಲಿ ಬಡಿದುಕೊಂಡರೆ, ಹುಡುಕುವ ಕೆಲಸವೊಂದು ಉಳಿಯುತ್ತದೆ.