ಮನೆಯೊಳಗಿನ ಕಂದು ಬಣ್ಣ: ಕೆಮ್ಮಣ್ಣಿನಿಂದ ಡಬ್ಬಿಯವರೆಗೆ

ಹೊಸ ಮನೆ ಕಟ್ಟಿಸುವವರು ಒಳಗೋಡೆಯೊಂದಕ್ಕೆ ಗಾಢ ಕಂದು ಬಣ್ಣ ಬಳಿಸಿ, ಅದನ್ನು ಇಂದಿನ ಅಭಿರುಚಿಯೆಂದು ಭಾವಿಸುವುದುಂಟು. ಆದರೆ ಈ ಬಣ್ಣಕ್ಕೆ ನಮ್ಮ ಸೀಮೆಯಲ್ಲಿ ದೀರ್ಘವಾದ ಇತಿಹಾಸವಿದೆ. ಮಣ್ಣು, ಮರ ಮತ್ತು ಅರಗು ಇದರ ಮೂರು ಮೂಲಗಳು.

ಮೊದಲನೆಯದು ಮಣ್ಣು. ಕೆಮ್ಮಣ್ಣು, ಕಾವಿಕಲ್ಲುಗಳ ಬಣ್ಣಕ್ಕೆ ಕಾರಣ ಅವುಗಳಲ್ಲಿರುವ ಕಬ್ಬಿಣದ ಆಕ್ಸೈಡ್. ಅದರೊಡನೆ ಮ್ಯಾಂಗನೀಸ್ ಬೆರೆತಿದ್ದರೆ ಕೆಂಪು ಕಂದಿಗೆ ತಿರುಗುತ್ತದೆ. ಇದು ಬಿಸಿಲಿಗೆ ಮಾಸದು, ಸುಣ್ಣದ ಕ್ಷಾರಕ್ಕೂ ಕೆಡದು. ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಪ್ರಾಚೀನ ಮಾನವನು ಕಾವಿಯಿಂದ ಬರೆದ ಚಿತ್ರಗಳು ಇಂದಿಗೂ ಉಳಿದಿರುವುದೇ ಇದಕ್ಕೆ ಸಾಕ್ಷಿ. ಹಳ್ಳಿಯ ಮನೆಗಳಲ್ಲಿ ಗೋಡೆಯ ಮೇಲ್ಭಾಗಕ್ಕೆ ಸುಣ್ಣವನ್ನೂ ಕೆಳಭಾಗಕ್ಕೆ ಕೆಮ್ಮಣ್ಣನ್ನೂ ಬಳಿಯುತ್ತಿದ್ದುದು ಕೇವಲ ಅಂದಕ್ಕಾಗಿ ಅಲ್ಲ. ಒರಗಿ ಕುಳಿತವರ ತಲೆಯೆಣ್ಣೆಯ ಕಲೆ, ನೆಲ ಸಾರಿಸುವಾಗ ಸಿಡಿದ ಸಗಣಿನೀರು ಕೆಳಗಿನ ಪಟ್ಟಿಯಲ್ಲಿ ಎದ್ದು ಕಾಣುತ್ತಿರಲಿಲ್ಲ. ಸಣ್ಣ ಕಿಟಕಿಯಿಂದ ಬಂದ ಬೆಳಕನ್ನು ಮೇಲಿನ ಬಿಳುಪು ಮನೆಯೆಲ್ಲ ಹರಡುತ್ತಿತ್ತು. ಕೋಣೆಯ ನಾಲ್ಕೂ ಗೋಡೆಗಳಿಗೆ ಕಂದು ಬಳಿದು ಹಗಲಲ್ಲೇ ದೀಪ ಹಾಕುವವರು ಈ ವಿವೇಕವನ್ನು ಗಮನಿಸಬೇಕು.

ಎರಡನೆಯದು ಮರ. ನಮ್ಮ ಅಂತರಸಂತೆ ನಾಗರಹೊಳೆ ಕಾಡಿನ ಅಂಚಿನ ಊರು. ತೇಗ, ಬೀಟೆ, ಹೊನ್ನೆ, ಮತ್ತಿ ಈ ಕಾಡಿನ ಮರಗಳು. ಬೀಟೆಯ ಒಡಲೇ ಗಾಢ ಕಂದು. ಉಳಿದ ಮರಗಳ ಕಂಬ, ತೊಲೆ, ಜಂತೆಗಳು ಸೌದೆ ಒಲೆಯ ಹೊಗೆ, ಎಣ್ಣೆ, ಕೈಯ ಜಿಡ್ಡುಗಳನ್ನು ದಶಕಗಳ ಕಾಲ ಹೀರಿಕೊಂಡು ಆ ಬಣ್ಣಕ್ಕೆ ಬರುತ್ತಿದ್ದವು.

ಮೂರನೆಯದು ಅರಗು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಕಾಡಿನ ಅರಗನ್ನು ಬಳಸಿಕೊಳ್ಳಲು ಮೈಸೂರಿನಲ್ಲಿ ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಆರಂಭವಾಯಿತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿನ ಶಾಯಿಗೆ ಹೆಸರಾದ ಕಾರ್ಖಾನೆಯೂ ಇದೇ. 1989ರಲ್ಲಿ ಅದು ‘ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್’ ಆಯಿತು. ಶುದ್ಧಿಮಾಡಿದ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದರೆ ದೊರೆಯುವ ಪಾಲಿಶ್, ಮರದ ಗೆರೆಗಳನ್ನು ಮುಚ್ಚದೆ ಅದರ ಕಂದನ್ನು ಗಾಢವಾಗಿಸುತ್ತದೆ.

ಆಮೇಲೆ ಬಂದದ್ದು ಡಬ್ಬಿಯ ಎನಾಮೆಲ್. ಬಾಗಿಲು, ಕಿಟಕಿಗಳಿಗೆ ‘ಚಾಕಲೇಟ್ ಬಣ್ಣ’ ಹೊಡೆಸುವುದು ರೂಢಿಯಾಯಿತು. ಮರದ ಬಣ್ಣವನ್ನು ಅನುಕರಿಸಿದ ಈ ಲೇಪ ಮರವನ್ನೇ ಮರೆಮಾಡಿತು. ಇದರೊಡನೆ ಒಂದು ಅಪಾಯವೂ ಬಂದಿತು. ಹಳೆಯ ಎನಾಮೆಲ್‌ಗಳನ್ನು ಬೇಗ ಒಣಗಿಸಲು ಹಾಕುತ್ತಿದ್ದ ವಸ್ತುಗಳಲ್ಲಿಯೂ ಕೆಲವು ವರ್ಣದ್ರವ್ಯಗಳಲ್ಲಿಯೂ ಸೀಸ ಇರುತ್ತಿತ್ತು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2016ರಲ್ಲಿ. ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ.

ಆದುದರಿಂದ ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಒಂದು ಮಾತು. ಅಜ್ಜನ ಮನೆಯ ಬಾಗಿಲನ್ನು ಹೊಸದು ಮಾಡುವ ಉತ್ಸಾಹದಲ್ಲಿ ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜುಕಾಗದದಿಂದ ಉಜ್ಜಿಸಬೇಡಿ. ನೀರಿನಿಂದ ತೋಯಿಸಿ ಕೆರೆಸಿರಿ. ಮುಖಕ್ಕೆ ಮಾಸ್ಕ್ ಇರಲಿ. ಕೆಲಸ ಮುಗಿದು ನೆಲವನ್ನು ಒದ್ದೆಬಟ್ಟೆಯಲ್ಲಿ ಒರೆಸುವವರೆಗೆ ಮಕ್ಕಳನ್ನೂ ಬಸುರಿಯರನ್ನೂ ದೂರವಿರಿಸಿ. ಆ ಪದರದ ಕೆಳಗೆ ತೇಗವೋ ಹೊನ್ನೆಯೋ ಕಂಡರೆ ಮತ್ತೆ ಬಣ್ಣ ಹೊಡೆಸದೆ ಅರಗಿನ ಪಾಲಿಶ್ ಕೊಡಿಸಿ. ಆ ಮರವನ್ನು ಕಡಿದ ಕಾಡು ಇಂದು ಹುಲಿ ಸಂರಕ್ಷಿತ ಪ್ರದೇಶ. ಅಂಥ ಮರ ನಮಗೆ ಅಲ್ಲಿಂದ ಮತ್ತೆ ಸಿಗುವುದಿಲ್ಲ.