ಎರಡನೇ ಪ್ರಾಶಸ್ತ್ಯದ ಲೆಕ್ಕ: 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಕಾಂಗ್ರೆಸ್ ಮತದಾರರ ಒಡಕು

ಭಾರತದ ರಾಷ್ಟ್ರಪತಿ ಚುನಾವಣೆಗಳಲ್ಲಿ ಎರಡನೇ ಪ್ರಾಶಸ್ತ್ಯದ ಮತಗಳನ್ನು ಎಣಿಸಬೇಕಾಗಿ ಬಂದದ್ದು ಒಂದೇ ಸಲ, 1969ರ ಆಗಸ್ಟ್ 20ರಂದು. ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ ಅಂದು ಸೋತರು. ಪಕ್ಷೇತರರಾಗಿ ನಿಂತಿದ್ದ ವಿ.ವಿ. ಗಿರಿ ಗೆದ್ದರು. ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದವರು ಸ್ವತಃ ಪ್ರಧಾನಿ ಇಂದಿರಾ ಗಾಂಧಿ. ರೆಡ್ಡಿಯವರನ್ನು ಸೋಲಿಸಲು ದುಡಿದದ್ದೂ ಇಂದಿರಾ ಅವರ ಪಾಳೆಯವೇ.

ಈ ಚುನಾವಣೆಯನ್ನು ಸಾಮಾನ್ಯವಾಗಿ ಇಂದಿರಾ ಮತ್ತು ಪಕ್ಷದ ಹಿರಿಯ ನಾಯಕರ ಗುಂಪಾದ 'ಸಿಂಡಿಕೇಟ್' ನಡುವಿನ ದ್ವಂದ್ವಯುದ್ಧವೆಂದು ಬರೆಯುತ್ತಾರೆ. ನಾಯಕರ ಕಥೆಯಾಗಿ ಅದು ಸರಿ. ಆದರೆ ಮತ ಹಾಕಿದವರು ಸಂಸದರು ಮತ್ತು ಶಾಸಕರು. ಒಂದೇ ಪಕ್ಷದ ಚಿಹ್ನೆಯಲ್ಲಿ ಗೆದ್ದು ಬಂದ ಆ ಮತದಾರರು ಎರಡು ಹೋಳಾದದ್ದು ಯಾವ ಘಳಿಗೆಯಲ್ಲಿ, ಯಾವ ಮಾತಿನ ಮೇಲೆ ಎಂಬುದು ಈ ಲೇಖನದ ಪ್ರಶ್ನೆ. ರೆಡ್ಡಿಯವರನ್ನು ಗೆಲ್ಲಿಸಲು ಕಾಂಗ್ರೆಸ್ ಅಧ್ಯಕ್ಷ ಎಸ್. ನಿಜಲಿಂಗಪ್ಪನವರು ಮಾಡಿದ ಲೆಕ್ಕ ಅಂಕಗಣಿತದಲ್ಲಿ ತಪ್ಪಿರಲಿಲ್ಲ; ಅದೇ ಲೆಕ್ಕ ಸ್ವಂತ ಪಕ್ಷದ ಮತಗಳನ್ನು ಕಳೆಯಿತು ಎಂಬುದು ನನ್ನ ವಾದ.

ರಾಷ್ಟ್ರಪತಿ ಝಾಕಿರ್ ಹುಸೇನ್ 1969ರ ಮೇ 3ರಂದು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಅಧಿವೇಶನ ಸೇರಿತು. ಅಧ್ಯಕ್ಷರು ಚಿತ್ರದುರ್ಗದ ನಿಜಲಿಂಗಪ್ಪ, ಸುಮಾರು ಒಂದು ವರ್ಷದ ಹಿಂದಿನವರೆಗೂ ಮೈಸೂರು ರಾಜ್ಯದ ಮುಖ್ಯಮಂತ್ರಿ. ಜುಲೈ 12ರಂದು ಕಾಂಗ್ರೆಸ್ ಸಂಸದೀಯ ಮಂಡಳಿ ಅಭ್ಯರ್ಥಿಯ ಆಯ್ಕೆಗೆ ಕೂತಿತು. ಗಾಂಧೀಜಿಯ ಜನ್ಮಶತಮಾನೋತ್ಸವದ ವರ್ಷದಲ್ಲಿ ದಲಿತರೊಬ್ಬರು ರಾಷ್ಟ್ರಪತಿಯಾಗಲೆಂದು ಇಂದಿರಾ ಜಗಜೀವನ ರಾಮ್ ಅವರ ಹೆಸರು ಹೇಳಿದರು. ಮಂಡಳಿಯ ಬಹುಮತ ರೆಡ್ಡಿಯವರ ಕಡೆಗಿತ್ತು. ವೈ.ಬಿ. ಚವಾಣ್ ಕೂಡ ಆ ಕಡೆ ವಾಲಿದ್ದು ಇಂದಿರಾ ಅವರಿಗೆ ಅನಿರೀಕ್ಷಿತ ಪೆಟ್ಟು.

ರೆಡ್ಡಿ ನಮ್ಮ ಗಡಿಗೆ ಹೊಂದಿದ ಅನಂತಪುರ ಜಿಲ್ಲೆಯವರು. ಆಂಧ್ರದ ಮುಖ್ಯಮಂತ್ರಿ, ಕಾಂಗ್ರೆಸ್ ಅಧ್ಯಕ್ಷ, ಲೋಕಸಭೆಯ ಸ್ಪೀಕರ್ ಆಗಿದ್ದ ಹಿರಿಯರು. ಯೋಗ್ಯತೆಯ ಪ್ರಶ್ನೆಯೇ ಇರಲಿಲ್ಲ. ಪಕ್ಷವನ್ನು ಸೀಳಿದ್ದು ಆ ಹೊತ್ತಿನ ರಾಷ್ಟ್ರಪತಿ ಭವನಕ್ಕೆ ಬಂದಿದ್ದ ತೂಕ. 1962ರಲ್ಲಿ ಲೋಕಸಭೆಯಲ್ಲಿ 361 ಸ್ಥಾನ ಗೆದ್ದಿದ್ದ ಕಾಂಗ್ರೆಸ್ 1967ರಲ್ಲಿ 283ಕ್ಕೆ ಇಳಿದಿತ್ತು. ರಾಜ್ಯಗಳಲ್ಲಿ ಪಕ್ಷಾಂತರದಿಂದ ಸರ್ಕಾರಗಳು ಉರುಳುತ್ತಿದ್ದವು, ಯಾರನ್ನು ಕರೆಯಬೇಕೆಂದು ರಾಜ್ಯಪಾಲರು ತೀರ್ಮಾನಿಸುತ್ತಿದ್ದರು. ನಾಳೆ ದೆಹಲಿಯಲ್ಲೂ ಹಾಗಾದರೆ ಪ್ರಧಾನಿಯನ್ನು ಕರೆಯುವವರು ರಾಷ್ಟ್ರಪತಿ. ಸಿಂಡಿಕೇಟಿನವರೇ ಆದ ರೆಡ್ಡಿ ಅಲ್ಲಿ ಕೂತರೆ ತಮ್ಮ ಕುರ್ಚಿ ಉಳಿಯದೆಂಬ ಶಂಕೆ ಇಂದಿರಾ ಪಾಳೆಯದಲ್ಲಿ ಬಲವಾಗಿತ್ತು.

ಮುಂದಿನ ಒಂದು ವಾರ ಎಲ್ಲವನ್ನೂ ಬದಲಿಸಿತು. ಜುಲೈ 16ರಂದು ಇಂದಿರಾ ಮೊರಾರ್ಜಿ ದೇಸಾಯಿ ಅವರಿಂದ ಹಣಕಾಸು ಖಾತೆ ಕಿತ್ತುಕೊಂಡರು. 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಬಿತ್ತು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಎರಡೂ ಅದರಲ್ಲಿದ್ದವು. ಸಹಿ ಹಾಕಿದವರು ಹಂಗಾಮಿ ರಾಷ್ಟ್ರಪತಿ ಗಿರಿ. ಮರುದಿನ ಅವರು ಹುದ್ದೆ ಬಿಟ್ಟು ಕಣಕ್ಕಿಳಿದರು. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ರಾಷ್ಟ್ರಪತಿಯ ಕಾರ್ಯಭಾರ ವಹಿಸಿಕೊಂಡರು.

ಗಿರಿಯವರ ಬಗ್ಗೆ ಎರಡು ಮಾತು ಬೇಕು. 1954ರಲ್ಲಿ ಕೇಂದ್ರ ಕಾರ್ಮಿಕ ಸಚಿವರಾಗಿದ್ದ ಅವರು ಬ್ಯಾಂಕ್ ನೌಕರರ ವೇತನ ತೀರ್ಪಿನ ವಿಷಯದಲ್ಲಿ ಸರ್ಕಾರದೊಡನೆ ಭಿನ್ನಮತ ಬಂದು ರಾಜೀನಾಮೆ ಕೊಟ್ಟಿದ್ದರು. ಕಾರ್ಮಿಕ ಚಳವಳಿಯಿಂದ ಬಂದವರಿಗೆ ಬ್ಯಾಂಕಿನ ಪ್ರಶ್ನೆ ಹೊಸದಾಗಿರಲಿಲ್ಲ. ಇನ್ನೊಂದು, 1965ರಿಂದ 1967ರವರೆಗೆ ಅವರು ಮೈಸೂರಿನ ರಾಜ್ಯಪಾಲರು. ಆಗ ಇಲ್ಲಿ ಮುಖ್ಯಮಂತ್ರಿ ನಿಜಲಿಂಗಪ್ಪ. ಬೆಂಗಳೂರಿನಲ್ಲಿ ಒಟ್ಟಿಗೆ ರಾಜ್ಯಭಾರ ನೋಡಿದ ಇಬ್ಬರು ಎರಡೇ ವರ್ಷದಲ್ಲಿ ಎದುರುಬದುರಾದರು. ಈ ಸಂಗತಿಗೆ ನಮ್ಮ ಬರಹಗಾರರು ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ ಎನಿಸುತ್ತದೆ.

ಮೂರನೇ ಪ್ರಮುಖ ಅಭ್ಯರ್ಥಿ ಸಿ.ಡಿ. ದೇಶಮುಖ್, ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್. ಜನಸಂಘ ಮತ್ತು ಸ್ವತಂತ್ರ ಪಕ್ಷ ಅವರ ಬೆನ್ನಿಗಿದ್ದವು. ಕಮ್ಯುನಿಸ್ಟರು, ಡಿಎಂಕೆ, ಅಕಾಲಿ ದಳ ಗಿರಿಯವರ ಕಡೆ. ಹೀಗೆ ತ್ರಿಕೋನವಾದಾಗ ಮೊದಲ ಸುತ್ತಿನಲ್ಲೇ ಗೆಲ್ಲುವುದು ಅನುಮಾನ. ದೇಶಮುಖ್ ಕಣದಿಂದ ಬಿದ್ದಾಗ ಅವರ ಮತಪತ್ರದ ಎರಡನೇ ಅಂಕಿ ಯಾರ ಹೆಸರಿನ ಮುಂದಿರುತ್ತದೋ ಅವರಿಗೆ ಜಯ. ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರದ ಮುಖಂಡರನ್ನು ಕಂಡು ಎರಡನೇ ಪ್ರಾಶಸ್ತ್ಯವನ್ನು ರೆಡ್ಡಿಯವರಿಗೆ ಕೊಡುವಂತೆ ಕೇಳಿದರು.

ಪಕ್ಷದ ಅಧ್ಯಕ್ಷನೊಬ್ಬ ತನ್ನ ಅಭ್ಯರ್ಥಿಗಾಗಿ ಬೇರೆಯವರ ಮತ ಕೇಳುವುದರಲ್ಲಿ ದೋಷವಿಲ್ಲ. ಆದರೆ ಬ್ಯಾಂಕ್ ರಾಷ್ಟ್ರೀಕರಣದ ಬಿಸಿ ಆರದ ದಿನಗಳಲ್ಲಿ, ಅದನ್ನು ವಿರೋಧಿಸಿದ ಪಕ್ಷಗಳ ಬಾಗಿಲಿಗೆ ಹೋದದ್ದು ಬೇರೆ ಅರ್ಥ ಪಡೆಯಿತು. ಅಲ್ಲಿಯವರೆಗೆ ಗೊಂದಲದಲ್ಲಿದ್ದ ಸಂಸದನಿಗೆ ಪಕ್ಷದ ಅಭ್ಯರ್ಥಿಯ ವಿರುದ್ಧ ಮತ ಹಾಕಲು ನೆಪವಿರಲಿಲ್ಲ. ಶಿಸ್ತು ಮುರಿದವನೆಂಬ ಹೆಸರು ಬರುತ್ತಿತ್ತು. ಈಗ ನೆಪ ಸಿಕ್ಕಿತು, ಅದೂ ಗೌರವದ್ದು. ಆಗಸ್ಟ್‌ನಲ್ಲಿ ಜಗಜೀವನ ರಾಮ್ ಮತ್ತು ಫಕ್ರುದ್ದೀನ್ ಅಲಿ ಅಹ್ಮದ್ ಈ ಮಾತುಕತೆಗೆ ವಿವರಣೆ ಕೇಳಿ ನಿಜಲಿಂಗಪ್ಪನವರಿಗೆ ಪತ್ರ ಬರೆದರು, ಮುಕ್ತ ಮತದಾನಕ್ಕೆ ಒತ್ತಾಯಿಸಿದರು. ವಿಪ್ ಹೊರಡಿಸಲು ಇಂದಿರಾ ಒಪ್ಪಲಿಲ್ಲ. ಮತದಾನದ ಹೊಸ್ತಿಲಲ್ಲಿ 'ಆತ್ಮಸಾಕ್ಷಿಯ ಮತ' ಎಂಬ ಮಾತು ಚಾಲ್ತಿಗೆ ಬಂತು. ಗುಪ್ತ ಮತದಾನವಾದ್ದರಿಂದ ಆ ಮಾತಿಗೆ ರಕ್ಷಣೆಯೂ ಇತ್ತು.

ಆಗಸ್ಟ್ 16ರಂದು ಮತದಾನ. ಒಬ್ಬ ಸಂಸದನ ಮತಮೌಲ್ಯ 576. ಮೈಸೂರು ವಿಧಾನಸಭೆಯ 216 ಶಾಸಕರಲ್ಲಿ ಒಬ್ಬೊಬ್ಬರದು 109. ಸಿಂಧುವಾದ ಮತಮೌಲ್ಯ 8,36,337, ಗೆಲ್ಲಲು ಬೇಕಾದ ಕೋಟಾ 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖ್‌ಗೆ 1,12,769. ಉಳಿದ ಅಭ್ಯರ್ಥಿಗಳದೆಲ್ಲ ಸೇರಿ 8,505. ಕೊನೆಯಲ್ಲಿ ಗಿರಿ 4,20,077, ರೆಡ್ಡಿ 4,05,427. ಅಂತರ 14,650.

ಈ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಎರಡನೇ ಪ್ರಾಶಸ್ತ್ಯಕ್ಕೆ ಲಭ್ಯವಿದ್ದ ಮೌಲ್ಯ 1,21,274. ಅದರಲ್ಲಿ ರೆಡ್ಡಿಯವರಿಗೆ ಸೇರಿದ್ದು 91,879, ಅಂದರೆ ಮುಕ್ಕಾಲು ಪಾಲು. ಗಿರಿಯವರಿಗೆ ಬಂದದ್ದು 18,562 ಮಾತ್ರ. ನಿಜಲಿಂಗಪ್ಪನವರು ಕೇಳಿದ್ದನ್ನು ಜನಸಂಘ, ಸ್ವತಂತ್ರದವರು ಬಹುಮಟ್ಟಿಗೆ ಕೊಟ್ಟರು. ಸುಮಾರು 88 ಸಾವಿರದ ಹಿನ್ನಡೆ ಹದಿನೈದು ಸಾವಿರದೊಳಗೆ ಇಳಿದದ್ದು ಹಾಗೆ. ಸೋಲು ಬಂದದ್ದು ಮನೆಯೊಳಗಿನ ಮೊದಲ ಪ್ರಾಶಸ್ತ್ಯದಲ್ಲಿ. ಗಿರಿಯವರಿಗೆ ಮತ ಹಾಕಿದ ಸಂಸದರಲ್ಲಿ ಬರೀ 13 ಮಂದಿ ರೆಡ್ಡಿಯವರ ಕಡೆ ತಿರುಗಿದ್ದರೆ ಫಲಿತಾಂಶ ಅಡಿಮೇಲಾಗುತ್ತಿತ್ತು. ಹೊರಗಿನ ಮತ ತರಲು ಹೋಗಿ ಮನೆಯ ಹದಿಮೂರು ಮಂದಿಯನ್ನು ಕಳೆದುಕೊಂಡರೇ ಎಂದು ಕೇಳಿದರೆ, ಹೌದೆಂದೇ ನನ್ನ ಉತ್ತರ. ಕಳೆದುಕೊಂಡದ್ದು ಅದಕ್ಕಿಂತ ಬಹಳ ಹೆಚ್ಚು. ನಿಜಲಿಂಗಪ್ಪನವರ ಪ್ರಾಮಾಣಿಕತೆಯನ್ನು ಗೌರವಿಸುವ ಕನ್ನಡಿಗನಾಗಿಯೂ ಈ ಮಾತನ್ನು ಬರೆಯದೆ ಇರಲಾರೆ.

ಗಿರಿಯವರ ಆಯ್ಕೆಯನ್ನು ಪ್ರಶ್ನಿಸಿದ ತಕರಾರು ಸುಪ್ರೀಂ ಕೋರ್ಟಿಗೆ ಹೋಯಿತು. ರೆಡ್ಡಿಯವರ ಚಾರಿತ್ರ್ಯಕ್ಕೆ ಮಸಿ ಬಳಿಯುವ ಕರಪತ್ರ ಸಂಸದರ ನಡುವೆ ಹರಿದಾಡಿತೆಂಬುದು ಅದರ ಮುಖ್ಯ ಆರೋಪ. ಅಧಿಕಾರದಲ್ಲಿದ್ದ ರಾಷ್ಟ್ರಪತಿಯೇ ಸಾಕ್ಷಿ ನುಡಿದರು. 1970ರಲ್ಲಿ ಅರ್ಜಿ ವಜಾ ಆಯಿತು.

ಪಕ್ಷದಲ್ಲಿ ಮಾತ್ರ ತೀರ್ಪು ಬೇರೆಯಾಗಿತ್ತು. 1969ರ ನವೆಂಬರ್ 12ರಂದು ನಿಜಲಿಂಗಪ್ಪನವರ ಕಾರ್ಯಕಾರಿ ಸಮಿತಿ ಇಂದಿರಾ ಅವರನ್ನು ಉಚ್ಚಾಟಿಸಿತು. ಅದೇ ತಿಂಗಳು ಇಂದಿರಾ ಬೆಂಬಲಿಗರು ದೆಹಲಿಯಲ್ಲಿ ಕರೆದ ಅಧಿವೇಶನಕ್ಕೆ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ 705 ಸದಸ್ಯರಲ್ಲಿ 446 ಮಂದಿ ಬಂದರು. ಆಗಸ್ಟ್‌ನ ಮತಪೆಟ್ಟಿಗೆಯಲ್ಲಿ ಗುಟ್ಟಾಗಿ ಬಿದ್ದ ಗೆರೆ ಬಹಿರಂಗವಾಗಿ ಎರಡು ಪಕ್ಷಗಳ ಗಡಿಯಾಯಿತು: ಆಡಳಿತ ಕಾಂಗ್ರೆಸ್, ಸಂಸ್ಥಾ ಕಾಂಗ್ರೆಸ್.

ಮೈಸೂರು ರಾಜ್ಯದಲ್ಲಿ ಸರ್ಕಾರ ಸಂಸ್ಥಾ ಕಾಂಗ್ರೆಸ್ಸಿನ ಕೈಯಲ್ಲೇ ಉಳಿಯಿತು. ಮುಖ್ಯಮಂತ್ರಿ ವೀರೇಂದ್ರ ಪಾಟೀಲ್, ಅವರೊಡನೆ ರಾಮಕೃಷ್ಣ ಹೆಗಡೆ, ನಿಜಲಿಂಗಪ್ಪನವರ ಜೊತೆ ನಿಂತರು. ದೇವರಾಜ ಅರಸು ಇಂದಿರಾ ಕಡೆ ಹೋದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಪಕ್ಷದ ಪಾಲಾದವು. ಮಾರ್ಚ್‌ನಲ್ಲಿ ಪಾಟೀಲರ ಸರ್ಕಾರ ಬಿದ್ದಾಗ ರಾಜ್ಯಕ್ಕೆ ಬಂದ ರಾಷ್ಟ್ರಪತಿ ಆಳ್ವಿಕೆ ಅದೇ ಗಿರಿಯವರದು. ಮರುವರ್ಷ 216ರಲ್ಲಿ 165 ಸ್ಥಾನ ಗೆದ್ದು ಅರಸು ಮುಖ್ಯಮಂತ್ರಿಯಾದರು.

ಆ ಗೆರೆ ಬೇಗ ಅಳಿಯಲಿಲ್ಲ. 1977ರಲ್ಲಿ ಜನತಾ ಆಳ್ವಿಕೆ ಬಂದು ಸಂಜೀವ ರೆಡ್ಡಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಮುಂದಿನ ವರ್ಷ ಇಂದಿರಾ ಗಾಂಧಿ ಸಂಸತ್ತಿಗೆ ಮರಳಲು ಚಿಕ್ಕಮಗಳೂರಿಗೆ ಬಂದಾಗ ಎದುರಿಗೆ ನಿಂತವರು ವೀರೇಂದ್ರ ಪಾಟೀಲ್.